ನೋವು ಹೋಗಿದೆಯೆಂದು ಸ್ಲೆಡ್‌ಗೆ ಕಳುಹಿಸಬೇಡಿ

ಅಮೆರಿಕನ್ ಫುಟ್‌ಬಾಲ್ ಆಡುವ ಮಗನಿಗೆ ಮೈಕ್ರೊಡಿಸ್ಕೆಕ್ಟಮಿ (ಬೆನ್ನುಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕಿನಿಂದ ನರವನ್ನು ಒತ್ತುವ ತುಣುಕನ್ನು ತೆಗೆಯುವ ಶಸ್ತ್ರಚಿಕಿತ್ಸೆ) ಆಗಿ ಏಳು ವಾರವಾಗಿದೆ, ಕಾಲಿನ ಸೆಳೆತ ಪೂರ್ತಿ ನಿಂತಿದೆ, ಸೋಮವಾರದಿಂದ ಸ್ಲೆಡ್ (ಅಭ್ಯಾಸಕ್ಕೆ ತಳ್ಳುವ ಭಾರದ ಚೌಕಟ್ಟು) ತಳ್ಳಲಿ ಎಂದು ಕೋಚ್ ಹೇಳುತ್ತಿದ್ದಾರೆ, ಕಳುಹಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಕಳುಹಿಸಬೇಡಿ. ಟೆಕ್ಸಸ್‌ನಲ್ಲಿ ಹೈಸ್ಕೂಲ್ ಓದುವಾಗ ನಾನೂ ಲೆಫ್ಟ್ ಗಾರ್ಡ್, ಅಂದರೆ ಎದುರಾಳಿಗಳನ್ನು ತಡೆಯುವ ಮುಂಚೂಣಿಯ ಆಟಗಾರ, ಆಗಿದ್ದೆ. ನನಗೂ ಬೆನ್ನಿನ ತೀರ ಕೆಳಗಿನ ಎಲ್5–ಎಸ್1 ಡಿಸ್ಕಿಗೇ ಶಸ್ತ್ರಚಿಕಿತ್ಸೆಯಾಗಿತ್ತು. ಒಂಬತ್ತನೆಯ ವಾರಕ್ಕೇ ಪ್ಯಾಡ್ ಕಟ್ಟಿಕೊಂಡು ಇಳಿದಿದ್ದೆ.

ಮೂರನೆಯ ದಿನ ನೆಲಕ್ಕೆ ಕೈಯೂರಿ ಸ್ಟಾನ್ಸ್ ಹಿಡಿದಾಗ ಒಂದಿಷ್ಟೂ ನೋವಿರಲಿಲ್ಲ. ಸ್ನ್ಯಾಪ್ ಆಗಿ, ಅಂದರೆ ಚೆಂಡು ಹಿಂದಕ್ಕೆ ಹೋಗಿ ಆಟ ಶುರುವಾದೊಡನೆ, ಎದುರಿನ ಹುಡುಗ ನನ್ನ ಎದೆಯ ಕೆಳಕ್ಕೆ ನುಗ್ಗಿದ. ಎಡ ಮುಂಗಾಲಿನಿಂದ ನೆಲವನ್ನು ಒದೆಯಲು ಹೋದರೆ ಅಲ್ಲಿ ಬಲವೇ ಇರಲಿಲ್ಲ. ಸೊಂಟ ಮೇಲೆದ್ದಿತು, ಬೆನ್ನು ತಿರುಚಿತು, ಪಾದದ ಕಿರುಬೆರಳಿನವರೆಗೆ ಕರೆಂಟು ಹೊಡೆದಂತಾಯಿತು. ಅದೇ ಡಿಸ್ಕಿಗೆ ಎರಡನೆಯ ಶಸ್ತ್ರಚಿಕಿತ್ಸೆಯಾಗಿ, ಕೊನೆಯ ವರ್ಷದ ಸೀಸನ್ ಪೂರ್ತಿ ಬೆಂಚಿನ ಮೇಲೆ ಕಳೆಯಿತು.

ನರದ ಮೇಲಿನ ಒತ್ತಡ ಹೋದೊಡನೆ ನೋವು ಹೋಗುತ್ತದೆ, ಆದರೆ ಡಿಸ್ಕಿನ ಹೊರಪದರದ ಸೀಳು ಅಷ್ಟು ಬೇಗ ಕೂಡುವುದಿಲ್ಲ, ನರ ನಡೆಸುವ ಸ್ನಾಯುವಿಗೆ ಬಲ ಮರಳುವುದು ಇನ್ನೂ ತಡ. ಆದ್ದರಿಂದ ನಾನು ಎರಡನೆಯ ಶಸ್ತ್ರಚಿಕಿತ್ಸೆಯ ನಂತರ ಕ್ಯಾಲೆಂಡರನ್ನು ಬಿಟ್ಟು ಮೆಟ್ಟಿಲನ್ನು ನಂಬಿದೆ. ಮೆಟ್ಟಿಲಿನ ಅಂಚಿನಲ್ಲಿ ಒಂಟಿ ಕಾಲಿನ ಮೇಲೆ ನಿಂತು, ಗೋಡೆಗೆ ಎರಡು ಬೆರಳು ತಾಗಿಸಿ, ಮಂಡಿ ಮಡಿಸದೆ ಹಿಮ್ಮಡಿ ಎತ್ತಿ ಇಳಿಸಬೇಕು. ನನ್ನ ಬಲಗಾಲು 25 ಸಲ ಎತ್ತುತ್ತಿದ್ದಾಗ ಎಡಗಾಲು 11ಕ್ಕೇ ನಡುಗಿ ನಿಲ್ಲುತ್ತಿತ್ತು. ಎರಡೂ ಸಮವಾಗುವವರೆಗೆ ಸ್ಲೆಡ್ ಮುಟ್ಟಲಿಲ್ಲ. ಬುಲ್ ರಶ್ (ಎದುರಾಳಿ ಮೈಬಲದಿಂದ ನೇರ ನುಗ್ಗುವುದು) ಎದುರಿಸುವಷ್ಟಾಗಲು ಐದು ತಿಂಗಳು ಹಿಡಿಯಿತು. ಇದು ಎಸ್1 ನರಕ್ಕೆ ಹೊಂದುವ ಪರೀಕ್ಷೆ. ಒತ್ತಡಕ್ಕೆ ಸಿಕ್ಕಿದ್ದು ಎಲ್5 ನರವಾಗಿದ್ದರೆ ಹಿಮ್ಮಡಿಯ ಮೇಲೆ ನಡೆಸಿ, ಕಾಲಿನ ಹೆಬ್ಬೆರಳು ಎತ್ತುವ ಬಲ ನೋಡಬೇಕು. ಬೆನ್ನುಮೂಳೆಗಳನ್ನು ಬೆಸೆಯುವ ಫ್ಯೂಷನ್ ಆದವರಿಗೆ ನನ್ನ ಮಾತು ಅನ್ವಯಿಸುವುದಿಲ್ಲ. ಯಾವುದಕ್ಕೂ ಸರ್ಜನ್ ಒಪ್ಪಿಗೆ ಮೊದಲು ಬೇಕು. ತೊಡೆಸಂದು ಮರಗಟ್ಟಿದರೆ ಅಥವಾ ಮೂತ್ರ ಕಟ್ಟಿದರೆ ಗುಂಪಿನಲ್ಲಿ ಕೇಳುತ್ತ ಕೂರದೆ ಆ ಕ್ಷಣವೇ ಎಮರ್ಜೆನ್ಸಿಗೆ ಹೋಗಿ.

ಈ ಗುಂಪಿನಲ್ಲಿ ಒಬ್ಬರು ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಆಟಗಾರರಾಗಿದ್ದ ಜೆ. ಜೆ. ವಾಟ್ ಅವರ ಉದಾಹರಣೆ ಕೊಟ್ಟು ಧೈರ್ಯ ತುಂಬಿದ್ದಾರೆ. ಅದನ್ನು ಪೂರ್ತಿ ಹೇಳಬೇಕಿತ್ತು. ಜುಲೈ 2016ರಲ್ಲಿ ಶಸ್ತ್ರಚಿಕಿತ್ಸೆಯಾಗಿ, ಸೆಪ್ಟೆಂಬರ್‌ನ ಮೊದಲ ಪಂದ್ಯಕ್ಕೇ ಇಳಿದ ಅವರು ಮೂರೇ ಪಂದ್ಯಗಳಲ್ಲಿ ಮತ್ತೆ ಬೆನ್ನು ಕೆಡಿಸಿಕೊಂಡು ಆ ಸೀಸನ್ನನ್ನೇ ಕಳೆದುಕೊಂಡರು. 2018ರಲ್ಲಿ 16 ಸ್ಯಾಕ್ (ಚೆಂಡು ಎಸೆಯುವ ಮೊದಲೇ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡಹುವುದು) ಮಾಡಿದ್ದೂ ಅವರೇ, ಆದ್ದರಿಂದ ನಿರಾಶೆಯೂ ಬೇಡ. ಎನ್‌ಎಫ್‌ಎಲ್ ಲೈನ್‌ಮನ್‌ಗಳ (ಮುಂಚೂಣಿಯ ಆಟಗಾರರ) ಬಗ್ಗೆ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯಾದ 52 ಮಂದಿಯಲ್ಲಿ 42 ಮಂದಿ ಆಟಕ್ಕೆ ಮರಳಿದ್ದರು. ಆದರೆ ಅವರ ಹಿಂದೆ ದಿನವಿಡೀ ಟ್ರೈನರ್‌ಗಳ ಪಡೆ ಇರುತ್ತದೆ, ನಿಮ್ಮ ಮಗನ ಹಿಂದೆ ಇರುವುದು ಶುಕ್ರವಾರದ ಪಂದ್ಯದ ಚಿಂತೆಯಲ್ಲಿರುವ ಕೋಚ್.

ಸೊಂಟದ ಬೆಲ್ಟಿಗೆ ದುಡ್ಡು ಸುರಿಯಬೇಡಿ. ನಾನು ಕೊಂಡ ಎರಡೂ ಬೆಲ್ಟುಗಳು ಗ್ಯಾರೇಜಿನಲ್ಲಿ ಧೂಳು ತಿನ್ನುತ್ತಿವೆ. ಭಾರ ಎತ್ತುವ ಹಂತ ಬಂದಾಗ ನೇರ ಬಾರ್ ಬಿಟ್ಟು ಎತ್ತರದ ಹಿಡಿಯ ಟ್ರ್ಯಾಪ್ ಬಾರ್ (ಒಳಗೆ ನಿಂತು ಎತ್ತುವ ಚೌಕಟ್ಟಿನಂಥ ಬಾರ್) ಕೊಡಿಸಿ; ರೋಗ್ ಕಂಪನಿಯದು ಗಟ್ಟಿಯಾಗಿದೆ, ಆದರೆ ಆ ಬೆಲೆ ನನಗೆ ಅತಿಯೆನಿಸಿತು, ಹಳೆಯದು ಸಿಕ್ಕರೆ ಸಾಕು. ರಾತ್ರಿ ನೀರು ಹೀರಿ ಉಬ್ಬಿದ ಡಿಸ್ಕು ಬೆಳಗಿನ ಮೊದಲ ಗಂಟೆಯಲ್ಲಿ ಬಾಗುವಿಕೆಯನ್ನು ಚೆನ್ನಾಗಿ ತಾಳುವುದಿಲ್ಲವಾದ್ದರಿಂದ ಬೆಳಗಿನ ಆರು ಗಂಟೆಯ ಭಾರ ಎತ್ತುವ ಅಭ್ಯಾಸಕ್ಕೂ ಸದ್ಯಕ್ಕೆ ರಜೆ ಕೇಳಿ. ಇಂದು ಸಂಜೆ ಅವನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಎರಡೂ ಕಾಲಿನ ಎಣಿಕೆ ಇಲ್ಲಿ ಬರೆಯಿರಿ. ಕೋಚ್‌ಗೆ ಏನು ಹೇಳಬೇಕೆಂಬುದನ್ನು ಆಮೇಲೆ ನೋಡೋಣ.