ಗಂಗಾವತಿ ಗ್ರಂಥಾಲಯ: ಹೊಸ ಪುಸ್ತಕ, ಮಕ್ಕಳ ಕಾರ್ಯಕ್ರಮ
ಗಂಗಾವತಿ ಗ್ರಂಥಾಲಯಕ್ಕೆ ಹೊಸ ಪುಸ್ತಕ ಯಾವಾಗ ಬರುತ್ತವೆ, ಮಕ್ಕಳಿಗೆ ಕಾರ್ಯಕ್ರಮ ಇರುತ್ತದಾ ಅಂತ ಕೇಳಿದ್ದೀರಿ. ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಪುಸ್ತಕ ಪ್ರದರ್ಶನ, ಮಕ್ಕಳ ಸ್ಪರ್ಧೆ ಸಾಮಾನ್ಯವಾಗಿ ಆಗಲೇ. ಆಗಸ್ಟ್ 12, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಹುಟ್ಟಿದ ದಿನ, ಅದನ್ನು ಗ್ರಂಥಪಾಲಕರ ದಿನವಾಗಿ ಆಚರಿಸುತ್ತಾರೆ. ಅದರ ಮುಂಚೆಯೂ ಒಮ್ಮೆ ವಿಚಾರಿಸಿ.

ಹೊಸ ಪುಸ್ತಕ ಮಾತ್ರ ತಿಂಗಳಿಗೆ ಇಷ್ಟು ಅಂತ ಬರುವುದಿಲ್ಲ. ಗ್ರಂಥಾಲಯ ಇಲಾಖೆ ಆಯ್ಕೆ ಮಾಡಿ ಖರೀದಿಸಿದಾಗ ಒಟ್ಟಿಗೆ ಬರುತ್ತವೆ. ಬಂದ ಮೇಲೂ ದಾಖಲು ಮಾಡಿ, ಮುದ್ರೆ ಒತ್ತಿ, ನಂಬರು ಅಂಟಿಸಬೇಕು. ಅದಕ್ಕೇ ಜಾಸ್ತಿ ದಿನ ಹಿಡಿಯುವುದು. ಹಾಗಾಗಿ ಕಪಾಟು ನೋಡಿ ಸುಮ್ನೆ ವಾಪಸ್ ಬರಬೇಡಿ, ಗ್ರಂಥಪಾಲಕರನ್ನೇ ಕೇಳಿ. ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುವವರು ನಾವೇ ಅಲ್ವಾ, ಸಂಕೋಚ ಯಾಕೆ? ಮಗುವಿಗೆ ಬೇಕಾದ ಪುಸ್ತಕಗಳ ಹೆಸರು, ಪ್ರಕಾಶಕರ ಹೆಸರು ಒಂದು ಚೀಟಿಯಲ್ಲಿ ಬರೆದುಕೊಡಿ.