ತರಗೆಲೆಗೆ ಬೆಂಕಿ, ರಸ್ತೆಗೆ ನೀರು

ಬೆಂಗಳೂರಿನ ಹಳೆಯ ಬಡಾವಣೆಯೊಂದರ ಓದುಗರು ಬರೆದಿದ್ದಾರೆ: "ಚಳಿಗಾಲ ಬಂತೆಂದರೆ ನಮ್ಮ ಪಾರ್ಕ್ ಮೂಲೆಯಲ್ಲಿ ಬೆಳಗ್ಗೆ ಬೆಳಗ್ಗೆಯೇ ಎಲೆ ರಾಶಿಗೆ ಬೆಂಕಿ. ಅಮ್ಮನಿಗೆ ಉಬ್ಬಸ. ದೂರು ಕೊಟ್ಟರೆ ಎರಡು ದಿನ ಸುಮ್ಮನಿದ್ದು ಪಕ್ಕದ ರಸ್ತೆಯಲ್ಲಿ ಹಚ್ಚುತ್ತಾರೆ. ಅತ್ತ ಮುಖ್ಯರಸ್ತೆಯಲ್ಲಿ ಗುಡಿಸುವ ಯಂತ್ರ ಓಡುತ್ತದೆ, ನೀರು ಚಿಮುಕಿಸುವ ಲಾರಿ ಬರುತ್ತದೆ. ಇದೆಲ್ಲ ಸುಮ್ನೆ ಶೋ ಅಲ್ವಾ ಸಾರ್?"

ನಮಸ್ಕಾರ. ಪೂರ್ತಿ ಶೋ ಅನ್ನಲಾರೆ. ಆದರೆ ಆ ಯಂತ್ರದಿಂದ ನಿಮ್ಮ ತಾಯಿಯವರ ಉಬ್ಬಸ ಕಡಿಮೆಯಾಗುತ್ತದೆ ಅಂತಲೂ ಹೇಳಲಾರೆ.

ಕೇಂದ್ರ ಸರ್ಕಾರ 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರುಮಾಡಿತು. ನಮ್ಮ ರಾಜ್ಯದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಆ ಪಟ್ಟಿಯಲ್ಲಿವೆ. ಗಾಳಿಯ ಹೆಸರಲ್ಲಿ 15ನೇ ಹಣಕಾಸು ಆಯೋಗದ ಅನುದಾನವೂ ಬಂತು. ಊರಿನ ಗಾಳಿ ಎಷ್ಟು ಸುಧಾರಿಸಿತು ಅಂತ ಅಲ್ಲಿ ಅಳೆಯುವುದು ಮುಖ್ಯವಾಗಿ ಪಿಎಂ 10ರಿಂದ, ಅಂದರೆ ದಪ್ಪ ಧೂಳಿನ ಲೆಕ್ಕದಿಂದ. ಯಾವುದಕ್ಕೆ ಮಾರ್ಕ್ಸ್ ಇದೆಯೋ ಅದನ್ನೇ ಓದುತ್ತಾರೆ! ಹಾಗಾಗಿ ದುಡ್ಡು ಗುಡಿಸುವ ಯಂತ್ರಕ್ಕೆ, ನೀರಿನ ಲಾರಿಗೆ ಹೋಗುತ್ತದೆ. ಎಲೆ ಸುಟ್ಟ ಹೊಗೆಯಲ್ಲಿರುವುದು ಹೆಚ್ಚಾಗಿ ಪಿಎಂ 2.5, ಶ್ವಾಸಕೋಶದ ಆಳಕ್ಕೆ ಇಳಿಯುವ ಸಣ್ಣ ಕಣ. ಇದಕ್ಕೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರ್‌ಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಯನ್ನು 5ಕ್ಕೆ ಇಳಿಸಿತು.

ಧೂಳನ್ನು ಹಿಡಿಯುವುದು ಬೇಡ ಅಂತಲ್ಲ. ಆದರೆ ನಮ್ಮ ಧೂಳು ಏಳುವುದು ಡಾಂಬರು ಮುಗಿದು ಮಣ್ಣು ಶುರುವಾಗುವ ಅಂಚಿನಲ್ಲಿ, ಪೈಪಿಗೆ, ಕೇಬಲ್ಲಿಗೆ ಅಗೆದು ಹಾಗೇ ಬಿಟ್ಟ ಗುಂಡಿಯಲ್ಲಿ. ಅದನ್ನು ಮುಚ್ಚದೆ ಗುಡಿಸಿದರೆ ನಾಳೆ ಮತ್ತೆ ಅಷ್ಟೇ ಧೂಳು. ಪೈಪು, ಕೇಬಲ್ಲುಗಳನ್ನು ನೆಲದಡಿ ಕ್ರಮವಾಗಿ ಹಾಕಿ ರಸ್ತೆಯನ್ನು ಹೊಸದಾಗಿ ಕಟ್ಟುವ ‘ಟೆಂಡರ್ ಶ್ಯೂರ್’ ಯೋಜನೆಯ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ ನೋಡಿ. ಅಲ್ಲಿ ಫುಟ್‌ಪಾತ್ ಕಟ್ಟಡದ ಕಾಂಪೌಂಡ್‌ವರೆಗೂ ಇದೆ, ಮಣ್ಣಿನ ಅಂಚೇ ಇಲ್ಲ. (ವಾಹನಗಳ ಹೊಗೆಯ ವಿಷಯ ಬೇರೆ. ಕೋಟಿ ದಾಟಿದ ಗಾಡಿಗಳ ಊರಿಗೆ ಬಿಎಂಟಿಸಿ ವಿದ್ಯುತ್ ಬಸ್ ತರುತ್ತಿರುವುದು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ಕೆಲಸ.)

ಈಗ ನಿಮ್ಮ ಎಲೆ. ಕಾನೂನಿನ ಕೊರತೆ ಇಲ್ಲ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ರಾಶಿ ಸುಟ್ಟರೆ 25,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಹೇಳಿದೆ. ಆದರೆ ದಂಡ ಯಾರಿಗೆ ಹಾಕುತ್ತೀರಿ? ಪೌರಕಾರ್ಮಿಕರ ಕಡೆಯಿಂದ ನೋಡಿ. ಮೇಸ್ತ್ರಿ ಬರುವಷ್ಟರಲ್ಲಿ ರಸ್ತೆ ಚೊಕ್ಕಟವಾಗಿರಬೇಕು. ಕಸದ ಆಟೋದವರು ಹಸಿ ಕಸ, ಒಣ ಕಸ ತಗೋತಾರೆ, ಎಲೆ ಮೂಟೆ ತಗೊಳ್ಳಲ್ಲ. ಎಲೆಗೆ ತೂಕ ಇಲ್ಲ, ಜಾಗ ಮಾತ್ರ ಜಾಸ್ತಿ. ನಾಲ್ಕು ಮೂಟೆ ಹಾಕಿದರೆ ಆಟೋ ಭರ್ತಿ. ಉಳಿದದ್ದು ಬೆಂಕಿಕಡ್ಡಿ. ಹೊಗೆ ಮೊದಲು ಹೋಗುವುದೂ ರಸ್ತೆ ಗುಡಿಸುವ ಆ ಹೆಣ್ಣುಮಗಳ ಮೂಗಿಗೇ. ಗಾಡಿ ಕಳಿಸದೆ ಆಕೆಯನ್ನು ಬೈಯುವುದು ಅನ್ಯಾಯ.

ಇನ್ನೊಂದು ತೊಡಕಿದೆ. ಪಾರ್ಕಿನ ಒಳಗೆ ಬಿದ್ದ ಎಲೆ ತೋಟಗಾರಿಕೆ ವಿಭಾಗದ್ದು, ಗೇಟಿನ ಹೊರಗೆ ಬಿದ್ದದ್ದು ಕಸದವರದ್ದು. ಮರ ಮಾತ್ರ ಒಂದೇ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು. ಹಾಗಂತ ಈ ಗೇಟಿನ ಜಗಳ ತಾನಾಗಿಯೇ ಮುಗಿಯುವುದಿಲ್ಲ.

ಆದ್ದರಿಂದ ಪಾಲಿಕೆಯ ಸಹಾಯವಾಣಿ 1533ಕ್ಕೆ ಫೋನ್ ಮಾಡುವಾಗ "ಬೆಂಕಿ ಹಚ್ಚಿದ್ದಾರೆ" ಅಂತಷ್ಟೇ ಹೇಳಬೇಡಿ. ಫೋಟೋ, ಸಮಯ ಇಟ್ಟುಕೊಂಡು ವಾರ್ಡ್ ಎಂಜಿನಿಯರ್‌ಗೆ ಲಿಖಿತವಾಗಿ ಎರಡು ವಿಷಯ ಕೇಳಿ. ಜನವರಿಯಿಂದ ಮಾರ್ಚ್‌ವರೆಗೆ, ಎಲೆ ಉದುರುವ ಕಾಲದಲ್ಲಿ, ವಾರಕ್ಕೊಮ್ಮೆ ಎಲೆಗೆಂದೇ ಬೇರೆ ಗಾಡಿ ಬರಬೇಕು. ಪಾರ್ಕಿನ ಒಂದು ಮೂಲೆಯಲ್ಲಿ ತಂತಿ ಜಾಲರಿಯ ಗೂಡು ಕಟ್ಟಿ, ರಸ್ತೆಯ ಎಲೆಯನ್ನೂ ಅಲ್ಲೇ ಹಾಕಲು ಬಿಡಬೇಕು. ಆಗಾಗ ನೀರು, ಸ್ವಲ್ಪ ಸಗಣಿ ಹಾಕಿದರೆ ಕೆಲವು ತಿಂಗಳಲ್ಲಿ ಗೊಬ್ಬರ. ನಗರದ ಕೆಲವು ಬಡಾವಣೆಗಳಲ್ಲಿ ನಿವಾಸಿಗಳೇ ಇದನ್ನು ಮಾಡುತ್ತಿದ್ದಾರೆ. ಮೊದಲ ತಿಂಗಳು ಹೆಗ್ಗಣ, ವಾಸನೆ ಅಂತ ಅಕ್ಕಪಕ್ಕದವರು ಗೊಣಗುವುದು ಖಂಡಿತ. ಅಡುಗೆಮನೆ ಕಸ ಸೇರಿಸದಿದ್ದರೆ ಆ ತೊಂದರೆ ಬರುವುದಿಲ್ಲ.

ಅಲ್ಲಿಯವರೆಗೆ ತಾಯಿಯವರ ವಾಕಿಂಗ್ ಹೊತ್ತು ಬದಲಿಸಿ. ಚಳಿಗಾಲದ ಬೆಳಗ್ಗೆ ತಣ್ಣನೆ ಗಾಳಿ ಕೆಳಗೇ ನಿಲ್ಲುತ್ತದೆ, ಹೊಗೆ ಮೇಲೆ ಹೋಗುವುದಿಲ್ಲ. ಬಿಸಿಲು ಚೆನ್ನಾಗಿ ಏರಿದ ಮೇಲೆ ಕರೆದುಕೊಂಡು ಹೋಗಿ. ಇನ್‌ಹೇಲರ್ ಬಗ್ಗೆ ಅವರ ಡಾಕ್ಟರನ್ನೇ ಕೇಳಿ.

— ಸಂಪಾದಕ