ಕೆನಡಾದ ಡೆಂಪ್‌ಸ್ಟರ್ ಹೆದ್ದಾರಿಗೆ ಇನ್ನೂ ಯಾಕೆ ಡಾಂಬರು ಹಾಕಿಲ್ಲ?

ರಸ್ತೆಯ ಕೆಳಗಿನ ನೆಲವೇ ಮುಖ್ಯ ಕಾರಣ. ವಾಯವ್ಯ ಕೆನಡಾದ ಯೂಕಾನ್ ಪ್ರದೇಶದ ಡಾಸನ್ ಸಿಟಿ ಹತ್ತಿರ ಶುರುವಾಗಿ ಉತ್ತರದ ಇನುವಿಕ್ ಪಟ್ಟಣದವರೆಗೆ ಹೋಗುವ ಈ 700ಕ್ಕೂ ಹೆಚ್ಚು ಕಿ.ಮೀ. ದಾರಿಯ ಬಹುಪಾಲು, ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ನೆಲದ ಮೇಲಿದೆ. ಮಣ್ಣಿನೊಳಗಿನ ಮಂಜುಗಡ್ಡೆ ಕರಗಿದರೆ ನೆಲ ಕೆಸರಾಗಿ ಕುಸಿಯುತ್ತದೆ.

ಅದಕ್ಕೇ ಸುಮಾರು 1.2ರಿಂದ 2.4 ಮೀಟರ್ ದಪ್ಪಕ್ಕೆ ಜಲ್ಲಿ ಹಾಸಿ, ಅದರ ಮೇಲೆ ರಸ್ತೆ ಮಾಡಿದ್ದಾರೆ. ಬೇಸಿಗೆಯ ಶಾಖ ಕೆಳಗಿಳಿಯದಂತೆ ಈ ಜಲ್ಲಿ ಕಂಬಳಿಯ ಹಾಗೆ ತಡೆಯುತ್ತದೆ. ಕಪ್ಪು ಡಾಂಬರಾದರೆ ಬಿಸಿಲು ಹೀರಿಕೊಂಡು ಕಾಯುತ್ತದೆ. ಆರ್ಕ್ಟಿಕ್ ವೃತ್ತದಿಂದಾಚೆ ಜೂನ್‌ನಲ್ಲಿ ಸೂರ್ಯ ಮುಳುಗುವುದೂ ಇಲ್ಲ. ನೆಲ ಅಲ್ಲಲ್ಲಿ ಕುಸಿದಾಗ ಡಾಂಬರು ಬಿರುಕು ಬಿಡುತ್ತದೆ, ಕಿತ್ತು ಹೊಸದಾಗಿ ಹಾಕಬೇಕು. ಜಲ್ಲಿ ರಸ್ತೆಗೆ ಗ್ರೇಡರ್ ಯಂತ್ರ ಓಡಿಸಿ, ತಗ್ಗು ತುಂಬಿ ಸಮ ಮಾಡಿದರೆ ಆಯಿತು. ಇಷ್ಟು ಕಡಿಮೆ ವಾಹನ ಓಡಾಡುವ ದಾರಿಗೆ ಇದೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಹೋಗುವ ಯೋಚನೆಯಿದ್ದರೆ ಟೈರಿನ ಬಗ್ಗೆ ದಯವಿಟ್ಟು ಉದಾಸೀನ ಬೇಡ. ಕೆಲವು ಕಡೆ ಜಲ್ಲಿಯಲ್ಲಿ ಚೂಪು ಅಂಚಿನ ಚಪ್ಪಟೆ ಕಲ್ಲುಗಳಿರುತ್ತವೆ, ಟೈರನ್ನು ಸೀಳಿಬಿಡುತ್ತವೆ. ಎರಡು ಸ್ಟೆಪ್ನಿ ಇಟ್ಟುಕೊಳ್ಳಿ. ಹೆದ್ದಾರಿ ಶುರುವಾದ ಮೇಲೆ ದಾರಿ ಮಧ್ಯದ ಈಗಲ್ ಪ್ಲೇನ್ಸ್ ಎಂಬ ತಂಗುದಾಣದವರೆಗೆ, ಅಂದರೆ ಸುಮಾರು 370 ಕಿ.ಮೀ., ಪೆಟ್ರೋಲ್ ಬಂಕ್ ಸಿಗುವುದಿಲ್ಲ. ಪೀಲ್ ಮತ್ತು ಮೆಕೆಂಜಿ ನದಿಗಳಿಗೆ ಸೇತುವೆಯಿಲ್ಲ: ಬೇಸಿಗೆಯಲ್ಲಿ ಕಾರನ್ನು ದೋಣಿಯ ಮೇಲೇರಿಸಿ ದಾಟಬೇಕು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೇ ಓಡಿಸಬೇಕು. ನೀರು ಹೆಪ್ಪುಗಟ್ಟುವ ಮತ್ತು ಒಡೆಯುವ ವಾರಗಳಲ್ಲಿ ಎರಡೂ ಆಗದು, ಆಗ ಇನುವಿಕ್‌ಗೆ ರಸ್ತೆಯೇ ಇಲ್ಲ.